ತೈಲ ಕಂಪನಿಗಳಿಗೆ ಬರುವ ಆದೇಶ ಬರಹದಲ್ಲಿರಲಿ

ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ಕುರಿತ ಸಂಸದೀಯ ಸ್ಥಾಯಿ ಸಮಿತಿಯ ಮಾನ್ಯ ಸದಸ್ಯರಿಗೆ,

ಭಾರತದ ತೈಲೋದ್ಯಮದ ಬಹುಪಾಲು ಕೇಂದ್ರ ಸರ್ಕಾರದ ಕೈಯಲ್ಲಿದೆ. ನೆಲದಡಿಯಿಂದ, ಕಡಲಡಿಯಿಂದ ಕಚ್ಚಾತೈಲ ತೆಗೆಯುವ ಓಎನ್‌ಜಿಸಿ ಮತ್ತು ಆಯಿಲ್ ಇಂಡಿಯಾ, ಅದನ್ನು ಸಂಸ್ಕರಿಸಿ ಬಂಕುಗಳಿಗೆ ಮುಟ್ಟಿಸುವ ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದೂಸ್ತಾನ್ ಪೆಟ್ರೋಲಿಯಂ, ಅನಿಲ ಸಾಗಿಸುವ ಗೇಲ್, ಮಂಗಳೂರಿನ ಎಂಆರ್‌ಪಿಎಲ್ ಇವೆಲ್ಲ ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳು. ಇವುಗಳಲ್ಲಿ ಸಾರ್ವಜನಿಕರ ಷೇರೂ ಇದೆ, ವಿಮಾ ಸಂಸ್ಥೆಗಳ ಷೇರೂ ಇದೆ. ಹೆಚ್ಚಿನ ಪಾಲು ಮಾತ್ರ ನೇರವಾಗಿಯೋ ಇನ್ನೊಂದು ಸರ್ಕಾರಿ ಕಂಪನಿಯ ಮೂಲಕವೋ ಸರ್ಕಾರದ್ದು. ಅದೇ ಸರ್ಕಾರ ಕಂಪನಿಯ ನಿರ್ದೇಶಕರನ್ನು ನೇಮಿಸುತ್ತದೆ, ತೈಲ ಹುಡುಕಲು ಪರವಾನಗಿ ಕೊಡುತ್ತದೆ, ಸುರಕ್ಷತೆಯ ತಪಾಸಣೆ ಮಾಡಿಸುತ್ತದೆ, ತೆರಿಗೆ ಹಾಕುತ್ತದೆ, ವರ್ಷದ ಕೊನೆಗೆ ಲಾಭಾಂಶವನ್ನೂ ಕೇಳುತ್ತದೆ. ಬಂಕಿನ ಬೆಲೆ ಯಾರು ನಿರ್ಧರಿಸುತ್ತಾರೆಂದು ಕೇಳಿದರೆ ಮಾತ್ರ, ಅದು ಕಂಪನಿಗಳಿಗೆ ಬಿಟ್ಟ ವಿಷಯ ಎಂಬ ಉತ್ತರ ಬರುತ್ತದೆ.

ಈ ಉತ್ತರವನ್ನು ಪರೀಕ್ಷಿಸಲು ಕರ್ನಾಟಕದಲ್ಲೇ ಒಂದು ಉದಾಹರಣೆ ಇದೆ. 2017ರ ಜೂನ್ 16ರಿಂದ ದೇಶದಾದ್ಯಂತ ಪೆಟ್ರೋಲ್, ಡೀಸೆಲ್ ಬೆಲೆ ದಿನಕ್ಕೊಮ್ಮೆ ಬದಲಾಗುವ ಪದ್ಧತಿ ಬಂತು. ಅಂತರರಾಷ್ಟ್ರೀಯ ದರ ಏರಿದರೆ ಇಲ್ಲಿ ಕೆಲವು ಪೈಸೆ ಏರಿಕೆ, ಇಳಿದರೆ ಕೆಲವು ಪೈಸೆ ಇಳಿಕೆ. 2018ರ ಏಪ್ರಿಲ್ 24ರಂದು ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 74 ರೂಪಾಯಿ 63 ಪೈಸೆ, ಡೀಸೆಲ್ 65 ರೂಪಾಯಿ 93 ಪೈಸೆ ಇತ್ತು. ಮರುದಿನವೂ ಅಷ್ಟೇ. ಅದರ ಮರುದಿನವೂ ಅಷ್ಟೇ. ಕಚ್ಚಾತೈಲ ಏರುತ್ತಲೇ ಇದ್ದರೂ ಮೇ 13ರವರೆಗೆ ಒಂದು ಪೈಸೆ ಅಲುಗಲಿಲ್ಲ. ಕರ್ನಾಟಕ ವಿಧಾನಸಭೆಗೆ ಮತದಾನ ನಡೆದದ್ದು ಮೇ 12ರಂದು. ಮೇ 14ರ ಬೆಳಿಗ್ಗೆ ಪೆಟ್ರೋಲ್ 17 ಪೈಸೆ, ಡೀಸೆಲ್ 21 ಪೈಸೆ ಏರಿತು. ಆಮೇಲೆ ದಿನದಿನವೂ ಏರಿತು. ಮೂರು ಪ್ರತ್ಯೇಕ ಕಂಪನಿಗಳು, ಮೂರು ಪ್ರತ್ಯೇಕ ನಿರ್ದೇಶಕ ಮಂಡಳಿಗಳು ಒಂದೇ ದಿನ ನಿಲ್ಲಿಸಿ ಒಂದೇ ದಿನ ಶುರು ಮಾಡಿದ್ದು ಕಾಕತಾಳೀಯ ಎಂದು ಯಾವ ಬಂಕ್ ಮಾಲೀಕನೂ ನಂಬಲಾರ.

ಮುಂದೆ ಇದೇ ಆಟ ದೊಡ್ಡದಾಯಿತು. 2021ರ ನವೆಂಬರ್ 4ರಿಂದ 137 ದಿನ ಬೆಲೆ ನಿಂತಿತು. ಉತ್ತರ ಪ್ರದೇಶ, ಪಂಜಾಬ್ ಸೇರಿ ಐದು ರಾಜ್ಯಗಳ ಚುನಾವಣೆ ಮುಗಿದ ಮೇಲೆ, 2022ರ ಮಾರ್ಚ್ 22ರಂದು ಮತ್ತೆ ಚಲಿಸಿತು. ಎರಡೇ ವಾರ. ಏಪ್ರಿಲ್ 6ರ ಬಳಿಕ ಕಂಪನಿಗಳು ಸುಮಾರು ಎರಡು ವರ್ಷ ಬೆಲೆ ಮುಟ್ಟಲಿಲ್ಲ. ನಡುವೆ ಬಂಕಿನಲ್ಲಿ ಆದ ದೊಡ್ಡ ಬದಲಾವಣೆ ಅಬಕಾರಿ ಸುಂಕದ ಕಡಿತದ್ದು. ಲೋಕಸಭೆ ಚುನಾವಣೆಗೆ ಮುನ್ನ, 2024ರ ಮಾರ್ಚ್‌ನಲ್ಲಿ, ಎರಡು ರೂಪಾಯಿ ಇಳಿಯಿತು. ಉಕ್ರೇನ್ ಯುದ್ಧದಿಂದ ತೈಲ ದುಬಾರಿಯಾಗಿದ್ದ 2022ರ ಏಪ್ರಿಲ್–ಸೆಪ್ಟೆಂಬರ್ ಅವಧಿಯಲ್ಲಿ ಮೂರೂ ಕಂಪನಿಗಳ ಒಟ್ಟು ನಷ್ಟ 21,201 ಕೋಟಿ ರೂಪಾಯಿ. ತೈಲ ಅಗ್ಗವಾದ 2023–24ರಲ್ಲಿ ಅವುಗಳ ಒಟ್ಟು ಲಾಭ 81 ಸಾವಿರ ಕೋಟಿ ದಾಟಿತು. ಮೊದಲ ಬಾರಿ ಕಳೆದುಕೊಂಡವನು ಷೇರುದಾರ. ಎರಡನೆಯ ಬಾರಿ ಬೆಲೆ ಇಳಿಯದೆ ಕಳೆದುಕೊಂಡವನು ಗಾಡಿಗೆ ಡೀಸೆಲ್ ಹಾಕಿಸಿದವನು. ಎರಡೂ ತೀರ್ಮಾನಕ್ಕೆ ಸಹಿ ಮಾಡಿದವರು ಯಾರೆಂಬುದು ಯಾವ ಕಡತದಲ್ಲೂ ಹೊರಗೆ ಕಾಣುವುದಿಲ್ಲ.

ಸಂಕಟಕಾಲದಲ್ಲಿ ಜನರಿಗೆ ಬೆಲೆಯ ಪೆಟ್ಟು ತಗಲದಂತೆ ನೋಡಿಕೊಳ್ಳುವುದು ಸರ್ಕಾರದ ಹಕ್ಕು; ಎಷ್ಟೋ ಸಲ ಕರ್ತವ್ಯವೂ ಹೌದು. ಅದರ ಬಗ್ಗೆ ತಕರಾರಿಲ್ಲ. ಅಡುಗೆ ಅನಿಲದ ವಿಷಯದಲ್ಲಿ ಇದೇ ಸರ್ಕಾರ ಸರಿಯಾದ ದಾರಿ ಹಿಡಿದದ್ದೂ ಇದೆ: ಸಿಲಿಂಡರನ್ನು ಕಡಿಮೆ ಬೆಲೆಗೆ ಮಾರಿದ್ದಕ್ಕೆ ಪರಿಹಾರವೆಂದು 2022ರ ಅಕ್ಟೋಬರ್‌ನಲ್ಲಿ ಮೂರು ಕಂಪನಿಗಳಿಗೆ 22,000 ಕೋಟಿ ರೂಪಾಯಿ ಮಂಜೂರಾಯಿತು. ಸಂಪುಟ ತೀರ್ಮಾನಿಸಿತು, ಲೆಕ್ಕ ಬಜೆಟ್ಟಿನಲ್ಲಿ ಬಂತು, ಸಂಸತ್ತು ನೋಡಿತು. ಪೆಟ್ರೋಲ್, ಡೀಸೆಲ್ ವಿಷಯದಲ್ಲಿ ಅದು ಆಗಲಿಲ್ಲ. ವಾಸ್ತವದಲ್ಲಿ ಲಿಖಿತ ಮಾರ್ಗ ಹೊಸದಾಗಿ ಹುಟ್ಟಬೇಕಾಗಿಯೂ ಇಲ್ಲ. ಸರ್ಕಾರಿ ಕಂಪನಿಗಳ ನಿಯಮಾವಳಿಯಲ್ಲಿ ರಾಷ್ಟ್ರಪತಿಯ ಹೆಸರಿನಲ್ಲಿ ನಿರ್ದೇಶನ ಕೊಡುವ ಅಧಿಕಾರ ಸರ್ಕಾರಕ್ಕೆ ಇದೆ. ಸಾರ್ವಜನಿಕ ಉದ್ದಿಮೆಗಳ ಇಲಾಖೆ 2010ರಲ್ಲಿ ಹೊರಡಿಸಿದ ಆಡಳಿತ ಮಾರ್ಗಸೂಚಿಯ ಪ್ರಕಾರ ಅಂಥ ನಿರ್ದೇಶನಗಳನ್ನು ಕಂಪನಿ ತನ್ನ ವಾರ್ಷಿಕ ವರದಿಯಲ್ಲಿ ತಿಳಿಸಬೇಕು. ಬೆಲೆ ತಡೆಯುವ ಮಾತು ಈ ದಾರಿಯಲ್ಲಿ ಬರುವುದಿಲ್ಲ, ಏಕೆಂದರೆ ಅಧಿಕೃತವಾಗಿ ಅಂಥ ಮಾತೇ ನಡೆದಿಲ್ಲ. ಬಾಯಿಮಾತಿನ ಆಡಳಿತದ ಅನುಕೂಲವೇ ಅದು.

ಸರ್ಕಾರ ಬೆಲೆ ಹಿಡಿಯುವ ಈ ಅಭ್ಯಾಸ ಹಳೆಯದು. 1950ರ ದಶಕದಲ್ಲಿ ದೇಶದ ತೈಲ ವ್ಯಾಪಾರ ಬಹುತೇಕ ಬರ್ಮಾ ಷೆಲ್, ಸ್ಟ್ಯಾನ್‌ವ್ಯಾಕ್ (ಮುಂದೆ ಎಸ್ಸೊ), ಕಾಲ್ಟೆಕ್ಸ್ ಕಂಪನಿಗಳ ವಶದಲ್ಲಿತ್ತು. ಭಾರತದ ನೆಲದಲ್ಲಿ ತೈಲ ಹುಡುಕುವ ಉತ್ಸಾಹ ಅವಕ್ಕಿರಲಿಲ್ಲ. ಹೊರಗಿನ ತೈಲ ತಂದು ಮಾರುವುದೇ ಲಾಭ. ಸಚಿವ ಕೆ.ಡಿ. ಮಾಳವೀಯ ಹಟ ಹಿಡಿದು, ಸೋವಿಯತ್ ತಜ್ಞರ ನೆರವಿನಿಂದ 1956ರಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ಆಯೋಗವನ್ನು ನಿಲ್ಲಿಸಿದರು. ಖಂಬಾತ್, ಅಂಕಲೇಶ್ವರ, 1974ರಲ್ಲಿ ಬಾಂಬೆ ಹೈ: ಒಂದೊಂದಾಗಿ ತೈಲ ಸಿಕ್ಕಿತು. ಅದೇ ದಶಕದಲ್ಲಿ ಮೂರೂ ವಿದೇಶಿ ಕಂಪನಿಗಳು ರಾಷ್ಟ್ರೀಕರಣಗೊಂಡು ಹಿಂದೂಸ್ತಾನ್ ಪೆಟ್ರೋಲಿಯಂ, ಭಾರತ್ ಪೆಟ್ರೋಲಿಯಂ ಆದವು. ಆಗಿನ ಬೆಲೆಯೆಲ್ಲ ಸರ್ಕಾರ ಗೊತ್ತುಮಾಡಿದ್ದು. ರಿಫೈನರಿಗೆ ಅದರ ಖರ್ಚಿನ ಮೇಲೆ, ಹೂಡಿದ ಸ್ವಂತ ಬಂಡವಾಳಕ್ಕೆ ಶೇ. 12ರ ಪ್ರತಿಫಲ, ಪೆಟ್ರೋಲಿನಲ್ಲಿ ಹೆಚ್ಚು ವಸೂಲಿ ಮಾಡಿ ಸೀಮೆಎಣ್ಣೆ, ಅಡುಗೆ ಅನಿಲವನ್ನು ಅಗ್ಗ ಮಾಡುವ ತೈಲ ನಿಧಿ ಖಾತೆ. 2002ರ ಏಪ್ರಿಲ್ 1ರಂದು ಆ ವ್ಯವಸ್ಥೆಯನ್ನು ಕಾಗದದಲ್ಲಿ ಮುಚ್ಚಲಾಯಿತು. ಪೆಟ್ರೋಲ್ ಬೆಲೆ 2010ರಲ್ಲಿ, ಡೀಸೆಲ್ ಬೆಲೆ 2014ರಲ್ಲಿ ಮತ್ತೊಮ್ಮೆ ‘ಮುಕ್ತ’ವಾದವು. ಒಮ್ಮೆ ಮುಕ್ತಗೊಳಿಸಿದ್ದನ್ನು ಮತ್ತೆ ಮುಕ್ತಗೊಳಿಸಬೇಕಾಗಿ ಬಂದದ್ದೇ ಮೊದಲನೆಯದರ ಗಟ್ಟಿತನಕ್ಕೆ ಸಾಕ್ಷಿ.

ಬೆಲೆಯ ಹಿಡಿತಕ್ಕೆ ಜೀವದ ಬೆಲೆಯೂ ಇದೆ. ಪಡಿತರದ ಸೀಮೆಎಣ್ಣೆ ಡೀಸೆಲಿಗಿಂತ ಬಹಳ ಅಗ್ಗವಾಗಿದ್ದ ಕಾಲದಲ್ಲಿ ಅದನ್ನು ಡೀಸೆಲಿಗೆ ಬೆರೆಸುವುದು ಉತ್ತರ ಭಾರತದಲ್ಲಿ ದೊಡ್ಡ ದಂಧೆಯಾಗಿತ್ತು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದು, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಇಂಡಿಯನ್ ಆಯಿಲ್‌ನಲ್ಲಿ ಮಾರಾಟ ಅಧಿಕಾರಿಯಾಗಿದ್ದ ಎಸ್. ಮಂಜುನಾಥ್ ಲಖೀಂಪುರ ಖೀರಿ ಜಿಲ್ಲೆಯಲ್ಲಿ ಕಲಬೆರಕೆಯ ಬಂಕಿಗೆ ಬೀಗ ಹಾಕಿಸಿದ್ದರು. 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ವಯಸ್ಸು 27. ಹಂತಕರಿಗೆ ಶಿಕ್ಷೆಯಾಯಿತು, ಸುಪ್ರೀಂ ಕೋರ್ಟ್ 2015ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಒಂದೇ ಬಗೆಯ ಎರಡು ಇಂಧನಗಳ ನಡುವೆ ದೆಹಲಿಯಲ್ಲಿ ಕೊರೆದ ಬೆಲೆಯ ಕಂದಕ ಆ ದಂಧೆಯನ್ನು ಸಾಕುತ್ತಿತ್ತು ಎಂಬುದು ಯಾವ ಕೋರ್ಟಿನ ವಿಚಾರಣೆಗೂ ಬರುವ ಸಂಗತಿಯಲ್ಲ.

ಡೀಸೆಲ್ ಬೆಲೆ ಮುಕ್ತವಾಗುವ ಮುನ್ನ, ಅಗ್ಗದ ಬೆಲೆಗೆ ಮಾರುವ ಕಂಪನಿಗಳ ಹೊರೆಯಲ್ಲಿ ಒಂದು ಪಾಲನ್ನು ತೈಲ ತೆಗೆಯುವ ಕಂಪನಿಗಳೂ ಹೊತ್ತವು. 2013–14ರಲ್ಲಿ ಓಎನ್‌ಜಿಸಿ ರಿಯಾಯಿತಿಯ ರೂಪದಲ್ಲಿ ಬಿಟ್ಟುಕೊಟ್ಟದ್ದು 56,384 ಕೋಟಿ ರೂಪಾಯಿ. ಆ ವರ್ಷದ ಅದರ ನಿವ್ವಳ ಲಾಭದ ಎರಡೂವರೆ ಪಟ್ಟು. ತನ್ನ ಪಾಲು ಎಷ್ಟೆಂಬುದು ಕಂಪನಿಗೆ ಮುಂಚಿತವಾಗಿ ಗೊತ್ತಿರುತ್ತಿರಲಿಲ್ಲ, ಸಚಿವಾಲಯದ ಪತ್ರಕ್ಕೆ ಕಾಯಬೇಕಿತ್ತು. ತೈಲ ಸೆಸ್‌ನ ಕತೆಯೂ ಇಂಥದ್ದೇ. ಉದ್ಯಮದ ಅಭಿವೃದ್ಧಿಗೆಂದೇ 1974ರ ಕಾಯ್ದೆ ಈ ಸೆಸ್ ಹಾಕಿತು. ಅದಕ್ಕಾಗಿ ಹುಟ್ಟಿದ ತೈಲೋದ್ಯಮ ಅಭಿವೃದ್ಧಿ ಮಂಡಳಿಗೆ ಇಷ್ಟು ವರ್ಷಗಳಲ್ಲಿ ಸೇರಿದ್ದು ಸುಮಾರು 902 ಕೋಟಿ ರೂಪಾಯಿ ಮಾತ್ರ. ಮಿಕ್ಕ ಲಕ್ಷಗಟ್ಟಲೆ ಕೋಟಿ ಸರ್ಕಾರದ ಸಂಚಿತ ನಿಧಿಯಲ್ಲಿ ಕರಗಿತು. ದೇಶದ ಕಚ್ಚಾತೈಲ ಉತ್ಪಾದನೆ 2011–12ರಲ್ಲಿ ಸುಮಾರು 3.8 ಕೋಟಿ ಟನ್ ಇದ್ದದ್ದು 2023–24ಕ್ಕೆ 2.9 ಕೋಟಿ ಟನ್ನಿಗೆ ಇಳಿಯಿತು, ಬಳಕೆಯ ಶೇ. 87ಕ್ಕೂ ಹೆಚ್ಚು ಆಮದು. ಬಾಂಬೆ ಹೈಯಂಥ ಕ್ಷೇತ್ರಗಳಿಗೆ ಮುಪ್ಪು ಬಂದದ್ದು ಇದಕ್ಕೆ ಮುಖ್ಯ ಕಾರಣ. ಹೊಸ ಬಾವಿಗಳಿಗೆ ಹೋಗಬೇಕಿದ್ದ ಹಣ ಬೇರೆಡೆ ಹರಿದದ್ದರಿಂದ ಆ ಮುಪ್ಪಿಗೆ ಮದ್ದೇನೂ ಸಿಗಲಿಲ್ಲ.

ಖರೀದಿಯ ಆದೇಶಗಳದ್ದು ಇನ್ನೊಂದು ಅಧ್ಯಾಯ. 2018ರ ಜನವರಿಯಲ್ಲಿ ಓಎನ್‌ಜಿಸಿಯು ಹಿಂದೂಸ್ತಾನ್ ಪೆಟ್ರೋಲಿಯಂನಲ್ಲಿ ಸರ್ಕಾರಕ್ಕಿದ್ದ ಶೇ. 51.11ರ ಪಾಲನ್ನು ಷೇರಿಗೆ 473 ರೂಪಾಯಿ 97 ಪೈಸೆಯಂತೆ, ಒಟ್ಟು 36,915 ಕೋಟಿ ರೂಪಾಯಿಗೆ ಕೊಂಡಿತು. ಸಾಲ ಮಾಡಿ ಕೊಂಡಿತು. ಆ ವರ್ಷದ ಷೇರು ವಿಕ್ರಯದ ಗುರಿ 72,500 ಕೋಟಿ. ಈ ಹಣವೂ ಸೇರಿ ಸರ್ಕಾರದ ವಸೂಲಿ ಒಂದು ಲಕ್ಷ ಕೋಟಿ ದಾಟಿತು. ಒಡೆಯನೊಬ್ಬ ತನ್ನ ಎಡಗೈಯಲ್ಲಿದ್ದುದನ್ನು ಬಲಗೈಗೆ ಮಾರಿ, ಬಲಗೈಯ ಕಿಸೆಯಲ್ಲಿದ್ದ ಹಣವನ್ನು ಬೊಕ್ಕಸಕ್ಕೆ ತೆಗೆದುಕೊಂಡ ವ್ಯವಹಾರವಿದು. ಕೊಂಡವನಿಗೆ ಯಜಮಾನಿಕೆಯಾದರೂ ದಕ್ಕಿತೇ? ತನ್ನ ಪ್ರವರ್ತಕ ಓಎನ್‌ಜಿಸಿ ಎಂದು ಷೇರುಪೇಟೆಗೆ ಸಲ್ಲಿಸುವ ಪಟ್ಟಿಯಲ್ಲಿ ನಮೂದಿಸಲು ಹಿಂದೂಸ್ತಾನ್ ಪೆಟ್ರೋಲಿಯಂ ಒಂದೂವರೆ ವರ್ಷ ಒಪ್ಪಲಿಲ್ಲ. 2019ರಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಕಣ್ಣು ಬಿಟ್ಟ ಮೇಲೆ ಹೆಸರು ಬಂತು.

ಈ ಖರೀದಿಯ ಫಲ ಮಂಗಳೂರಿನ ಕುತ್ತೆತ್ತೂರಿನಲ್ಲಿ ಇಂದಿಗೂ ಕಾಣಸಿಗುತ್ತದೆ. ಎಂಆರ್‌ಪಿಎಲ್ 1988ರಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂ ಮತ್ತು ಬಿರ್ಲಾ ಸಮೂಹದ ಜಂಟಿ ಉದ್ಯಮವಾಗಿ ಹುಟ್ಟಿತು. ನಷ್ಟದಲ್ಲಿ ಮುಳುಗುತ್ತಿದ್ದಾಗ 2003ರಲ್ಲಿ ಓಎನ್‌ಜಿಸಿ ಬಿರ್ಲಾರ ಪಾಲನ್ನು ಕೊಂಡು, ಬಂಡವಾಳ ಹಾಕಿ, ಮೇಲೆತ್ತಿತು. ಸರ್ಕಾರಿ ಕಂಪನಿಯೊಂದು ವ್ಯಾಪಾರದ ಲೆಕ್ಕ ಹಾಕಿ ಮಾಡಿದ ಒಳ್ಳೆಯ ಖರೀದಿಗಳಲ್ಲಿ ಅದು ಒಂದು ಎಂಬುದನ್ನು ಹೇಳಲೇಬೇಕು. ಇಂದು ಅಲ್ಲಿ ವರ್ಷಕ್ಕೆ 1.5 ಕೋಟಿ ಟನ್ ತೈಲ ಸಂಸ್ಕರಿಸಬಹುದು. ಷೇರುಗಳಲ್ಲಿ ಶೇ. 71.63 ಓಎನ್‌ಜಿಸಿಯದು, ಶೇ. 16.96 ಹಿಂದೂಸ್ತಾನ್ ಪೆಟ್ರೋಲಿಯಂನದು. ಅದೂ ಓಎನ್‌ಜಿಸಿಯದೇ ಅಂಗಸಂಸ್ಥೆ. ಎಂಆರ್‌ಪಿಎಲ್‌ಗೆ ದೊಡ್ಡ ರಿಫೈನರಿ ಇದೆ, ಬಂಕುಗಳು ತೀರ ಕಡಿಮೆ. ಹಿಂದೂಸ್ತಾನ್ ಪೆಟ್ರೋಲಿಯಂಗೆ ಸಾವಿರಾರು ಬಂಕುಗಳಿವೆ, ಮಾರುವಷ್ಟು ತೈಲ ಸ್ವಂತ ರಿಫೈನರಿಗಳಲ್ಲಿ ತಯಾರಾಗುವುದಿಲ್ಲ. ಎರಡನ್ನೂ ಸೇರಿಸುವ ಮಾತು 2018ರಿಂದ ಕೇಳಿಬರುತ್ತಿದೆ. ಎತ್ತು ಏರಿಗೆ, ಕೋಣ ನೀರಿಗೆ. ಸಾರ್ವಜನಿಕರ ಕೈಯಲ್ಲಿ ಕನಿಷ್ಠ ಶೇ. 25 ಷೇರು ಇರಬೇಕೆಂಬ ನಿಯಮಕ್ಕೆ ಎದುರಾಗಿ ಎಂಆರ್‌ಪಿಎಲ್‌ನಲ್ಲಿ ಇರುವುದು ಸುಮಾರು ಶೇ. 11. ಸರ್ಕಾರಿ ಕಂಪನಿಗಳಿಗೆಂದು ಆ ಗಡುವನ್ನು ಪದೇ ಪದೇ ಮುಂದೂಡಲಾಗಿದೆ. ಖಾಸಗಿ ಕಂಪನಿಗೆ ಇಂಥ ಔದಾರ್ಯ ಸಿಗುವುದಿಲ್ಲ.

ಇಂಥ ಆದೇಶಗಳು ಬಂದಾಗ ಬೇಡವೆನ್ನಬೇಕಾದವರು ಸ್ವತಂತ್ರ ನಿರ್ದೇಶಕರು. ಸೆಬಿ ನಿಯಮದಂತೆ ಮಂಡಳಿಯಲ್ಲಿ ಅವರು ಅರ್ಧದಷ್ಟೋ ಮೂರನೇ ಒಂದರಷ್ಟೋ ಇರಬೇಕು. ಸರ್ಕಾರಿ ಕಂಪನಿಗಳಲ್ಲಿ ಅವರನ್ನು ನೇಮಿಸುವುದೂ ಸರ್ಕಾರವೇ. ನೇಮಿಸದೆ ಖಾಲಿ ಬಿಡುವುದೂ ಸರ್ಕಾರವೇ. 2023–24ರಲ್ಲಿ ತ್ರೈಮಾಸಿಕದ ಮೇಲೆ ತ್ರೈಮಾಸಿಕ ಇಂಡಿಯನ್ ಆಯಿಲ್, ಓಎನ್‌ಜಿಸಿ, ಗೇಲ್ ಮೊದಲಾದ ಕಂಪನಿಗಳಿಗೆ ಎರಡೂ ಷೇರು ವಿನಿಮಯ ಕೇಂದ್ರಗಳು ಇದೇ ಕಾರಣಕ್ಕೆ ದಂಡ ಹಾಕಿದವು. ದಂಡದ ಲೆಕ್ಕ ಹೀಗೆ: ದಿನಕ್ಕೆ 5,000 ರೂಪಾಯಿ, 91 ದಿನಗಳ ತ್ರೈಮಾಸಿಕಕ್ಕೆ 4,55,000, ಅದಕ್ಕೆ ಶೇ. 18 ಜಿಎಸ್‌ಟಿ ಸೇರಿ 5,36,900 ರೂಪಾಯಿ. ಕಂಪನಿಗಳು ಕೊಟ್ಟ ಉತ್ತರವೂ ಒಂದೇ ಅಚ್ಚಿನದು: ನೇಮಕಾತಿ ಸಚಿವಾಲಯದ ಕೈಯಲ್ಲಿದೆ, ನಮ್ಮ ತಪ್ಪಿಲ್ಲ, ದಂಡ ಮನ್ನಾ ಮಾಡಿ. ತಪ್ಪು ಮಾಡಿದವನೊಬ್ಬ, ದಂಡ ಬಿದ್ದವನೊಬ್ಬ, ಆ ದಂಡದ ಮೇಲೂ ತೆರಿಗೆ ಪಡೆದವನು ಮೊದಲನೆಯವನೇ.

ಮುಖ್ಯಸ್ಥರ ಕುರ್ಚಿಯ ಪಾಡೂ ಭಿನ್ನವಲ್ಲ. ಓಎನ್‌ಜಿಸಿ ಅಧ್ಯಕ್ಷರು 2021ರ ಮಾರ್ಚ್ 31ರಂದು ನಿವೃತ್ತರಾಗುವರೆಂಬುದು ಅವರ ಹುಟ್ಟಿದ ದಿನಾಂಕ ಬಲ್ಲವರಿಗೆಲ್ಲ ಗೊತ್ತಿದ್ದ ಸಂಗತಿ. ಸಾರ್ವಜನಿಕ ಉದ್ದಿಮೆಗಳ ಆಯ್ಕೆ ಮಂಡಳಿ ಆ ವರ್ಷದ ಜೂನ್‌ನಲ್ಲಿ ಒಂಬತ್ತು ಮಂದಿಯನ್ನು ಸಂದರ್ಶಿಸಿ ಯಾರೂ ತಕ್ಕವರಲ್ಲ ಎಂದಿತು. ದೇಶದ ಅತಿ ದೊಡ್ಡ ತೈಲೋತ್ಪಾದಕ ಕಂಪನಿಯನ್ನು ಇಪ್ಪತ್ತು ತಿಂಗಳು, ಒಬ್ಬರ ಬಳಿಕ ಒಬ್ಬರಂತೆ, ಮೂವರು ಹಂಗಾಮಿಯಾಗಿ ನಡೆಸಿದರು. ಹಂಗಾಮಿ ಮುಖ್ಯಸ್ಥ ಬಾಯಿಮಾತಿನ ಆದೇಶಕ್ಕೆ ಬರಹದ ಪ್ರತಿ ಕೇಳುವುದು ಕಷ್ಟ.

ಮೇಲ್ವಿಚಾರಕರೂ ಅದೇ ಮನೆಯವರು. ತೈಲಕ್ಷೇತ್ರಗಳ ಮೇಲೆ ಕಣ್ಣಿಡುವ ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯ 1993ರ ಒಂದು ಸರ್ಕಾರಿ ನಿರ್ಣಯದಿಂದ ಹುಟ್ಟಿದ್ದು, ಕಾಯ್ದೆಯಿಂದಲ್ಲ. 2006ರ ಕಾಯ್ದೆಯಿಂದ ಬಂದ ನಿಯಂತ್ರಣ ಮಂಡಳಿಯ ವ್ಯಾಪ್ತಿ ಪೈಪ್‌ಲೈನು, ಸಂಸ್ಕರಣೆ, ಮಾರಾಟಕ್ಕೆ ಸೀಮಿತ. ಕಚ್ಚಾತೈಲ ತೆಗೆಯುವ ಕೆಲಸ ಅದರ ಹೊರಗೆ. ತೈಲೋದ್ಯಮ ಸುರಕ್ಷತಾ ನಿರ್ದೇಶನಾಲಯವೂ ಸಚಿವಾಲಯದ ಅಡಿಯಲ್ಲಿದೆ. ಅಲ್ಲಿನ ತಪಾಸಕರು ಬಹುಪಾಲು ಇವೇ ತೈಲ ಕಂಪನಿಗಳಿಂದ ನಿಯೋಜನೆಯ ಮೇಲೆ ಬಂದವರು. ಅವಧಿ ಮುಗಿದರೆ ಮರಳಬೇಕಾದದ್ದು ತಾವು ತಪಾಸಣೆ ಮಾಡಿದ ಕಂಪನಿಗೇ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತದ ಮುನ್ಸೂಚನೆ ಇದ್ದರೂ ಮುಂಬೈ ಕಡಲಿನಲ್ಲಿ ಓಎನ್‌ಜಿಸಿ ಕೆಲಸದಲ್ಲಿದ್ದ ಪಿ-305 ಬಾರ್ಜ್ ಸುರಕ್ಷಿತ ತಾಣಕ್ಕೆ ಮರಳದೆ ಮುಳುಗಿತು. ಅದರಲ್ಲಿದ್ದವರು, ಅದೇ ಚಂಡಮಾರುತದಲ್ಲಿ ಮುಳುಗಿದ ಒಂದು ಟಗ್‌ನವರು ಸೇರಿ 80ಕ್ಕೂ ಹೆಚ್ಚು ಮಂದಿ ಸತ್ತರು. ತನಿಖೆಗೆ ತೈಲ ಸಚಿವಾಲಯವೇ ಮೂವರ ಸಮಿತಿ ನೇಮಿಸಿತು. ಮೂವರಲ್ಲೊಬ್ಬರು ಅದೇ ಸಚಿವಾಲಯದ ಹೈಡ್ರೋಕಾರ್ಬನ್ ಮಹಾನಿರ್ದೇಶಕರು. ಅವರ ಪ್ರಾಮಾಣಿಕತೆಯ ಮೇಲೆ ಶಂಕೆ ಬೇಕಿಲ್ಲ. ಒಡೆಯ, ತಪಾಸಕ, ತನಿಖಾಧಿಕಾರಿ ಒಂದೇ ಸಚಿವಾಲಯದ ನೆರಳಲ್ಲಿ ಕೂತಿದ್ದರೆಂಬುದು ಸಾಕು.

ನಾರ್ವೆ 1972ರಲ್ಲೇ ಈ ಕೆಲಸಗಳನ್ನು ಬೇರ್ಪಡಿಸಿತು: ನೀತಿಗೆ ಸಚಿವಾಲಯ, ವ್ಯಾಪಾರಕ್ಕೆ ಸ್ಟಾಟ್‌ಆಯಿಲ್, ತಾಂತ್ರಿಕ ಮೇಲ್ವಿಚಾರಣೆಗೆ ಪ್ರತ್ಯೇಕ ನಿರ್ದೇಶನಾಲಯ. ಐವತ್ತು ಲಕ್ಷ ಜನರ ಶ್ರೀಮಂತ ದೇಶದ ಪಾಠ ಇಲ್ಲಿಗೆ ಹೊಂದೀತೇ ಎಂಬ ಅನುಮಾನ ಸಹಜ. ಹಾಗಾದರೆ ಬ್ರೆಜಿಲನ್ನು ನೋಡಬಹುದು. 2014ರಲ್ಲಿ ಅಲ್ಲಿನ ಸರ್ಕಾರಿ ತೈಲ ಕಂಪನಿ ಪೆಟ್ರೋಬ್ರಾಸ್‌ನ ಗುತ್ತಿಗೆ ಲಂಚದ ಹಗರಣ ಬಯಲಾಗಿ ಘಟಾನುಘಟಿಗಳೇ ಜೈಲು ಸೇರಿದರು. 2016ರಲ್ಲಿ ಬಂದ ಕಾನೂನು ಸಚಿವರು, ಪಕ್ಷದ ಮುಖಂಡರು ಸರ್ಕಾರಿ ಕಂಪನಿಗಳ ಮಂಡಳಿಗೆ ಬರುವುದನ್ನು ತಡೆಯಿತು. ಮರುವರ್ಷ ಪೆಟ್ರೋಬ್ರಾಸ್ ತನ್ನ ನಿಯಮಾವಳಿಯಲ್ಲಿ ಒಂದು ಕಲಮು ಸೇರಿಸಿತು: ಮಾರುಕಟ್ಟೆಯ ಲೆಕ್ಕಕ್ಕೆ ಹೊಂದದ ಕೆಲಸವನ್ನು ಸಾರ್ವಜನಿಕ ಹಿತಕ್ಕೆಂದು ಸರ್ಕಾರ ಹೊರಿಸಿದರೆ, ಆಗುವ ವ್ಯತ್ಯಾಸವನ್ನು ಸರ್ಕಾರವೇ ತುಂಬಿಕೊಡಬೇಕು. ದೇಶದ ಅಧ್ಯಕ್ಷರು ಸುಮ್ಮನಾದರೆಂದಲ್ಲ, ಇಂಧನ ಬೆಲೆಯ ಜಗಳದಲ್ಲಿ ಕಂಪನಿಯ ಮುಖ್ಯಸ್ಥರನ್ನು 2021ರಲ್ಲಿ ಬದಲಿಸಿದರು, 2022ರಲ್ಲೂ ಬದಲಿಸಿದರು. ಆದರೆ ಆ ಜಗಳ ಬೀದಿಗೆ ಬಂತು. ಇಲ್ಲಿ ಯಾರೂ ಜಗಳವಾಡುವುದಿಲ್ಲ, ಆದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ.

ಖಾಸಗೀಕರಣವೇ ಮದ್ದು ಎನ್ನುವವರಿಗೆ ಭಾರತ್ ಪೆಟ್ರೋಲಿಯಂನ ಅನುಭವ ಮುಂದಿದೆ. 2019ರ ನವೆಂಬರ್‌ನಲ್ಲಿ ಅದರ ಶೇ. 53.29 ಪಾಲು ಮಾರಲು ಸಂಪುಟ ಒಪ್ಪಿತು. ಬಂದ ಕೆಲವೇ ಬಿಡ್‌ದಾರರೂ ಹಿಂದೆ ಸರಿದು 2022ರ ಮೇ ತಿಂಗಳಲ್ಲಿ ಪ್ರಸ್ತಾವ ಬಿದ್ದುಹೋಯಿತು. ಬಂಕಿನ ಬೆಲೆ ತನ್ನ ಕೈಯಲ್ಲಿ ಇರುತ್ತದೆಯೇ ಇಲ್ಲವೇ ಎಂದು ತಿಳಿಯದೆ ಲಕ್ಷಾಂತರ ರೂಪಾಯಿ ಸುರಿಯುವವನೂ ಹಿಂಜರಿಯುತ್ತಾನೆ. ಸಾವಿರಾರು ಕೋಟಿಯ ಮಾತಂತೂ ಸರಿಯೇ ಸರಿ. ಕಂಪನಿಗಳು ಸರ್ಕಾರದಲ್ಲೇ ಉಳಿದರೂ, ಒಂದೊಂದು ಮಾರಾಟವಾದರೂ, ಆದೇಶ ಬರಹದಲ್ಲಿ ಬರುವ ಪದ್ಧತಿ ಎರಡಕ್ಕೂ ಬೇಕು.

ಸಮಿತಿ ಶಿಫಾರಸು ಮಾಡಬಹುದಾದ ಮೊದಲ ಸಂಗತಿ ಅದೇ. ಬೆಲೆ, ಖರೀದಿ, ರಿಯಾಯಿತಿ, ಯಾವುದರ ಬಗ್ಗೆಯೇ ಆಗಲಿ, ಕಂಪನಿಗೆ ಖರ್ಚು ತರುವ ಸೂಚನೆ ಸಹಿಯ ಸಮೇತ ಬರಬೇಕು. ಅದರ ಅಂದಾಜು ವೆಚ್ಚ ಜೊತೆಗಿರಬೇಕು, ಪ್ರತಿ ಎರಡೂ ಸದನಗಳ ಮುಂದೆ ಬರಬೇಕು, ಹಣ ಬಜೆಟ್ಟಿನಿಂದ ಬರಬೇಕು. ಚುನಾವಣೆಗೆ ಮುನ್ನ ಬೆಲೆ ನಿಲ್ಲಿಸಬೇಕೆಂದರೂ ನಿಲ್ಲಿಸಲಿ, ಬರೆದುಕೊಟ್ಟು ನಿಲ್ಲಿಸಲಿ. ನಿರ್ದೇಶಕರ ನೇಮಕಾತಿ ಸಚಿವಾಲಯದ ಹೊರಗಿನ ಆಯ್ಕೆ ಸಮಿತಿಗೆ ಹೋಗಬೇಕು. ಹೈಡ್ರೋಕಾರ್ಬನ್ ಮತ್ತು ಸುರಕ್ಷತಾ ನಿರ್ದೇಶನಾಲಯಗಳಿಗೆ ಕಾಯ್ದೆಯ ಬೆನ್ನೆಲುಬು, ಸ್ವಂತ ಸಿಬ್ಬಂದಿ ಬೇಕು. ಎಂಆರ್‌ಪಿಎಲ್ ವಿಲೀನದ ಬಗ್ಗೆ ಹೌದೋ ಅಲ್ಲವೋ ಎಂಬುದನ್ನು ಒಂದು ದಿನಾಂಕದೊಳಗೆ ಹೇಳುವುದಕ್ಕೆ ಕಾಯ್ದೆಯೇನೂ ಬೇಡ.

ಅದಕ್ಕೆಲ್ಲ ಮೊದಲು ಒಂದು ಸಣ್ಣ ಕೆಲಸವಿದೆ. ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದೂಸ್ತಾನ್ ಪೆಟ್ರೋಲಿಯಂ ನಿರ್ದೇಶಕ ಮಂಡಳಿಗಳ 2022ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಸಭಾ ನಡಾವಳಿಗಳನ್ನು ಸಮಿತಿಯ 31 ಸದಸ್ಯರು ತರಿಸಿ ಓದಲಿ. ಆರು ತಿಂಗಳಲ್ಲಿ 21 ಸಾವಿರ ಕೋಟಿ ಕಳೆದುಕೊಂಡ ಮಂಡಳಿಗಳು ಬೆಲೆಯ ಬಗ್ಗೆ ಏನು ಚರ್ಚಿಸಿದವು, ಯಾರು ಏನೆಂದರು, ಚರ್ಚೆಯೇ ಆಗಲಿಲ್ಲವೇ ಎಂಬುದು ಅಲ್ಲಿರುತ್ತದೆ ಅಥವಾ ಇರುವುದಿಲ್ಲ, ಎರಡೂ ಉತ್ತರವೇ. ಇದು ದೈನಂದಿನ ಆಡಳಿತ, ಸ್ಥಾಯಿ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಸಚಿವಾಲಯ ಹೇಳಬಹುದು. ಎರಡು ವರ್ಷ ಅಲುಗದ ಬೆಲೆಗೆ ದೈನಂದಿನ ಎಂಬ ಹೆಸರು ಒಪ್ಪುವುದಿಲ್ಲ. ಸಂಸದೀಯ ಸಮಿತಿ ಕೇಳಿದ ದಾಖಲೆಯನ್ನು ಸರ್ಕಾರ ನಿರಾಕರಿಸಬಹುದಾದದ್ದು ದೇಶದ ಭದ್ರತೆಗೋ ಹಿತಕ್ಕೋ ಧಕ್ಕೆಯಾಗುವಂತಿದ್ದರೆ ಮಾತ್ರ. ಪೆಟ್ರೋಲ್ ಬೆಲೆಯ ನಡಾವಳಿ ಆ ಸಾಲಿಗೆ ಸೇರುವುದಿಲ್ಲ.